ಚಾಪ್ಲಿನ್ ಜೊತೆ ಅತ್ತ ಆ ಪುಟ್ಟ ಹುಡುಗ, ಬರ್ಮಾ ಕಾಡಿಗೆ ಎಂಜಿನ್ ಇಲ್ಲದ ವಿಮಾನ ಇಳಿಸಿದ: ಜಾಕಿ ಕೂಗನ್ ಬದುಕಿನ ಕತೆ

ತಲೆಗಿಂತ ದೊಡ್ಡದಾದ ಟೋಪಿ, ಹರಿದ ಪ್ಯಾಂಟು, ಕಣ್ತುಂಬ ನೀರು. ಚಾರ್ಲಿ ಚಾಪ್ಲಿನ್‌ನ ‘ದಿ ಕಿಡ್’ ಸಿನಿಮಾ ಒಂದು ಸಲ ನೋಡಿದವರಿಗೂ ಆ ಪುಟ್ಟ ಹುಡುಗನ ಮುಖ ಮರೆಯೋಕೆ ಆಗಲ್ಲ. ಅನಾಥಾಲಯದವರು ಅವನನ್ನು ಎತ್ತಿ ಗಾಡಿಗೆ ಹಾಕುತ್ತಾರೆ, ಅವನು ಎರಡೂ ಕೈ ಚಾಚಿ ಅಳುತ್ತಾನೆ, ಚಾಪ್ಲಿನ್ ಮನೆಗಳ ಮಾಡಿನ ಮೇಲೆ ಬಿದ್ದೆದ್ದು ಓಡಿ ಬರುತ್ತಾನೆ. ನೂರು ವರ್ಷ ಕಳೆದರೂ ಆ ದೃಶ್ಯದ ತುಣುಕು ಇವತ್ತಿಗೂ ಮೊಬೈಲ್‌ನಲ್ಲಿ ಓಡಾಡುತ್ತಲೇ ಇದೆ.

ಆ ಹುಡುಗನ ಹೆಸರು ಜಾಕಿ ಕೂಗನ್. ಸಿನಿಮಾ ಬಂದದ್ದು 1921ರಲ್ಲಿ. ಅದಾಗಿ 23 ವರ್ಷಕ್ಕೆ, 1944ರ ಮಾರ್ಚ್ 5ರ ರಾತ್ರಿ, ಅದೇ ಜಾಕಿ ನಮ್ಮ ದೇಶದ ಅಸ್ಸಾಂನಿಂದ ಒಂದು ವಿಮಾನದಲ್ಲಿ ಕೂತು ಬರ್ಮಾದ ಕಾಡಿಗೆ ಹೊರಟಿದ್ದ. ಆ ವಿಮಾನಕ್ಕೆ ಎಂಜಿನ್ ಇರಲಿಲ್ಲ. ಹಿಂದೆ ಕೂತವರು ಬ್ರಿಟಿಷ್ ಸೈನಿಕರು. ಇಳಿಯಬೇಕಾದ ಜಾಗ ಜಪಾನಿ ಸೇನೆಯ ಬೆನ್ನ ಹಿಂದೆ, ನೂರು ಮೈಲಿಗೂ ಆಚೆ.

ಹಾಲಿವುಡ್‌ನ ಮೊದಲ ದೊಡ್ಡ ಬಾಲನಟ ಅಲ್ಲಿಗೆ ಹೇಗೆ ಬಂದ ಅನ್ನೋದೇ ಒಂದು ಕತೆ. ಅದರಲ್ಲಿ ಯುದ್ಧ ಅರ್ಧ. ಇನ್ನರ್ಧ ದುಡ್ಡಿನದು.

ಅಪ್ಪ ಹೆದರಿಸಿ ಅಳಿಸಿದ

ಜಾಕಿ ಹುಟ್ಟಿದ್ದು 1914ರ ಅಕ್ಟೋಬರ್ 26ರಂದು, ಲಾಸ್ ಏಂಜಲೀಸ್‌ನಲ್ಲಿ. ಅಪ್ಪ ಜಾಕ್ ಕೂಗನ್ ನಾಟಕ, ಡಾನ್ಸ್ ಅಂತ ಊರೂರು ಸುತ್ತುತ್ತಿದ್ದ ಕಲಾವಿದ. ಅಮ್ಮ ಲಿಲಿಯನ್ ಕೂಡ ಅದೇ ಬಳಗದವಳು. ನಮ್ಮ ಕಂಪನಿ ನಾಟಕದವರ ಮಕ್ಕಳು ಪರದೆಯ ಹಿಂದೆ ಆಡುತ್ತಾ ಬೆಳೆದು ಒಂದು ದಿನ ರಂಗಕ್ಕೆ ಬಂದುಬಿಡುತ್ತಾರಲ್ಲ, ಜಾಕಿಯೂ ಹಾಗೇ. 1919ರಲ್ಲಿ ಒಂದು ಥಿಯೇಟರ್‌ನಲ್ಲಿ ಅಪ್ಪನ ಜೊತೆ ಕುಣಿಯುತ್ತಿದ್ದ ಈ ಪೋರನ ಮೇಲೆ ಚಾಪ್ಲಿನ್ ಕಣ್ಣು ಬಿತ್ತು. ಆ ವರ್ಷವೇ ಚಾಪ್ಲಿನ್‌ನ ಮೊದಲ ಮಗು ಹುಟ್ಟಿ ಮೂರೇ ದಿನಕ್ಕೆ ತೀರಿಕೊಂಡಿತ್ತು.

‘ದಿ ಕಿಡ್’ನ ಅಳುವ ದೃಶ್ಯದ ಹಿಂದೆ ಒಂದು ಸಂಗತಿ ಇದೆ. ಚಾಪ್ಲಿನ್ ತನ್ನ ಆತ್ಮಕತೆಯಲ್ಲೇ ಅದನ್ನು ಬರೆದಿದ್ದಾನೆ. ಶೂಟಿಂಗ್ ದಿನ ಹುಡುಗ ಖುಷಿಯಾಗಿದ್ದ, ಏನು ಮಾಡಿದರೂ ಅಳು ಬರಲಿಲ್ಲ. ಆಗ ಅಪ್ಪ ಮುಂದೆ ಬಂದು, ನೀನು ಅಳದಿದ್ದರೆ ನಿನ್ನನ್ನು ನಿಜವಾಗಿಯೂ ಅನಾಥರನ್ನು ಇಡುವ ಜಾಗಕ್ಕೆ ಕಳಿಸಿಬಿಡುತ್ತಾರೆ ಅಂತ ಹೆದರಿಸಿದ. ಹುಡುಗ ಗಳಗಳ ಅತ್ತ. ಜಗತ್ತು ಇವತ್ತಿಗೂ ನೋಡುತ್ತಿರುವುದು ಆ ಅಳುವನ್ನೇ.

ಸಿನಿಮಾ ಎಲ್ಲಾ ಕಡೆ ಓಡಿತು. ಆರು ವರ್ಷದ ಜಾಕಿ ರಾತ್ರೋರಾತ್ರಿ ಸ್ಟಾರ್. ‘ಆಲಿವರ್ ಟ್ವಿಸ್ಟ್’, ‘ಪೆಕ್ಸ್ ಬ್ಯಾಡ್ ಬಾಯ್’, ‘ಲಾಂಗ್ ಲಿವ್ ದಿ ಕಿಂಗ್’ ಅಂತ ಸಾಲು ಸಾಲು ಚಿತ್ರಗಳು ಬಂದವು. ಅವನ ಹೆಸರಲ್ಲಿ ಗೊಂಬೆ, ಪೀಪಿ, ಕಡಲೆಬೀಜದ ಬೆಣ್ಣೆ ಡಬ್ಬ ಕೂಡ ಮಾರಾಟಕ್ಕೆ ಬಂದವು. ಒಂದು ಹಂತದಲ್ಲಿ ವಾರದ ಸಂಬಳ 22,000 ಡಾಲರ್ ತನಕ ಹೋಗಿತ್ತು ಅಂತ ಹೇಳ್ತಾರೆ. ಅವನ ಕೈಗೆ ಮನೆಯವರು ಕೊಡುತ್ತಿದ್ದ ಖರ್ಚಿನ ಕಾಸು? ವಾರಕ್ಕೆ ಆರೂಕಾಲು ಡಾಲರ್.

1924ರಲ್ಲಿ ಒಂಬತ್ತು ವರ್ಷದ ಹುಡುಗನನ್ನು ಮುಂದಿಟ್ಟುಕೊಂಡು ಅಮೆರಿಕ, ಯುರೋಪ್ ಸುತ್ತಿ ಯುದ್ಧಸಂತ್ರಸ್ತ ಅರ್ಮೇನಿಯನ್, ಗ್ರೀಕ್ ಅನಾಥ ಮಕ್ಕಳಿಗೆ ಬಟ್ಟೆ, ಆಹಾರ ಸಂಗ್ರಹಿಸಿದರು. ಬಂದದ್ದು ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ಬೆಲೆಯ ಸಾಮಾನು. ರೋಮ್‌ನಲ್ಲಿ ಪೋಪ್ ಅವರ ಭೇಟಿಯೂ ಆಯ್ತು. ಪರದೆ ಮೇಲೆ ಅನಾಥನಾಗಿದ್ದ ಹುಡುಗ ನಿಜವಾದ ಅನಾಥರ ಹೊಟ್ಟೆಗೆ ಹಾಕಿದ.

ಆದರೆ ಬಾಲನಟರಿಗೆ ಒಂದು ಶತ್ರು ಇರುತ್ತದೆ, ವಯಸ್ಸು. ಹದಿಮೂರು ದಾಟುವಷ್ಟರಲ್ಲಿ ಜಾಕಿಯ ಮಾರ್ಕೆಟ್ ಬಿತ್ತು. ಮಿಲಿಟರಿ ಶಾಲೆ, ಆಮೇಲೆ ಕಾಲೇಜು ಅಂತ ಸೇರಿದ. ಅಂಕ ಬರಲಿಲ್ಲ, ಕಾಲೇಜು ಅರ್ಧಕ್ಕೇ ಬಿಟ್ಟ. ಅದೇನು ದೊಡ್ಡ ಅಪರಾಧ ಅಲ್ಲ ಬಿಡಿ. 21 ತುಂಬಿದರೆ ತಾನು ದುಡಿದ ದುಡ್ಡು ತನ್ನ ಕೈಗೆ ಬರುತ್ತದೆ ಅನ್ನೋ ನಂಬಿಕೆ ಅವನಿಗಿತ್ತು.

ಐವರಲ್ಲಿ ಉಳಿದವನು ಒಬ್ಬನೇ

21 ತುಂಬೋಕೆ ಇನ್ನು ಆರು ತಿಂಗಳೂ ಇರಲಿಲ್ಲ. 1935ರ ಮೇ 4. ಮೆಕ್ಸಿಕೋ ಕಡೆ ಪಾರಿವಾಳದ ಬೇಟೆಗೆ ಹೋಗಿದ್ದ ಐದು ಜನ ಒಂದೇ ಕಾರಿನಲ್ಲಿ ವಾಪಸ್ ಬರುತ್ತಿದ್ದರು. ಸ್ಟೀರಿಂಗ್ ಅಪ್ಪನ ಕೈಯಲ್ಲಿ. ಹಿಂದಿನ ತೆರೆದ ಸೀಟಿನಲ್ಲಿ ಜಾಕಿ, ಪಕ್ಕದಲ್ಲಿ ಅವನ ಜೀವದ ಗೆಳೆಯ, ಹತ್ತೊಂಬತ್ತು ವರ್ಷದ ನಟ ಜೂನಿಯರ್ ಡರ್ಕಿನ್. ಸ್ಯಾನ್ ಡಿಯಾಗೋ ಜಿಲ್ಲೆಯ ಗುಡ್ಡದ ರಸ್ತೆಯಲ್ಲಿ ಕಾರು ದಾರಿ ಬಿಟ್ಟು ಉರುಳಿತು. ಅಪ್ಪ, ಗೆಳೆಯ, ಇನ್ನಿಬ್ಬರು ಎಲ್ಲರೂ ಹೋದರು. ಬದುಕಿದ್ದು ಜಾಕಿ ಒಬ್ಬನೇ.

ಆ ಅಕ್ಟೋಬರ್‌ನಲ್ಲಿ ಅವನಿಗೆ 21 ತುಂಬಿತು. ಕೈಗೆ ಏನೂ ಬರಲಿಲ್ಲ.

ಅಪ್ಪನ ಆಸ್ತಿಯೆಲ್ಲ ಅಮ್ಮನ ಪಾಲಾಗಿತ್ತು. ಮನೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಆರ್ಥರ್ ಬರ್ನ್‌ಸ್ಟೈನ್ ಎಂಬಾತನನ್ನು ಆಕೆ ಮದುವೆಯಾದಳು. ಜಾಕಿ ಕೇಳಿದ, ಕಾದ, ಮತ್ತೆ ಕೇಳಿದ. ಕೊನೆಗೆ 1938ರ ಏಪ್ರಿಲ್‌ನಲ್ಲಿ ಹೆತ್ತ ತಾಯಿ ಮತ್ತು ಮಲತಂದೆ ಮೇಲೆ ಕೋರ್ಟಿಗೆ ಹೋದ. ಬಾಲ್ಯದಲ್ಲಿ ಅವನು ದುಡಿದಿದ್ದು 30 ರಿಂದ 40 ಲಕ್ಷ ಡಾಲರ್ ಅನ್ನೋದು ಅಂದಾಜು. ಆ ದುಡ್ಡು ತುಪ್ಪಳದ ಕೋಟು, ವಜ್ರ, ಕಾರುಗಳಲ್ಲಿ ಕರಗಿ ಹೋಗಿತ್ತು.

ತಾಯಿಯ ವಾದ ಸರಳವಾಗಿತ್ತು. ಮಗ ಮೈನರ್ ಇದ್ದಾಗ ದುಡಿದದ್ದು ಹೆತ್ತವರದ್ದು, ಅವನಿಗೆ ಕೊಡ್ತೀವಿ ಅಂತ ಯಾರೂ ಮಾತು ಕೊಟ್ಟಿಲ್ಲ ಅನ್ನೋದು. ಬೇಜಾರಿನ ವಿಷಯ ಏನಂದ್ರೆ ಆಗಿನ ಕ್ಯಾಲಿಫೋರ್ನಿಯಾ ಕಾನೂನು ಆಕೆಯ ಪರವಾಗಿಯೇ ಇತ್ತು. ಮಗು ದುಡಿದರೆ ಆ ಕೂಲಿಯ ಒಡೆಯರು ತಂದೆ ತಾಯಿ. ಹೊಲದಲ್ಲಿ ಅಪ್ಪನ ಜೊತೆ ಕೆಲಸ ಮಾಡುವ ಮಗನನ್ನು ಮನಸ್ಸಲ್ಲಿಟ್ಟುಕೊಂಡು ಬರೆದ ಹಳೇ ಕಾನೂನನ್ನು ಲಕ್ಷಾಂತರ ಡಾಲರ್ ತಂದ ಮಗುವಿಗೂ ಹಾಕಿದ್ದರು.

ಕೇಸು ನಡೆಯುತ್ತಿದ್ದಾಗ ಜಾಕಿಯ ಕೈ ಪೂರ್ತಿ ಖಾಲಿ. ಚಾಪ್ಲಿನ್ ಬಳಿ ಹೋದ. ಚಾಪ್ಲಿನ್ ಹಿಂದೆ ಮುಂದೆ ನೋಡದೆ ಸಾವಿರ ಡಾಲರ್ ಕೊಟ್ಟ ಅಂತ ಹೇಳ್ತಾರೆ. 1939ರಲ್ಲಿ ವ್ಯಾಜ್ಯ ಮುಗಿದಾಗ ಉಳಿದಿದ್ದ ಎರಡೂವರೆ ಲಕ್ಷ ಡಾಲರ್‌ನಲ್ಲಿ ಜಾಕಿಗೆ ಸಿಕ್ಕಿದ್ದು ಸುಮಾರು 1,26,000.

ಅದೇ ವರ್ಷ ಅವನ ಸಂಸಾರವೂ ಮುರಿಯಿತು. ಹೆಂಡತಿ ಬೆಟ್ಟಿ ಗ್ರೇಬಲ್, 1937ರಲ್ಲಿ ಮದುವೆಯಾಗಿದ್ದರು. ಆಗಿನ್ನೂ ಆಕೆ ಸಣ್ಣ ನಟಿ. ಮುಂದೆ ಯುದ್ಧದ ಕಾಲಕ್ಕೆ ಆಕೆಯ ಈಜುಡುಗೆಯ ಫೋಟೋ ಅಮೆರಿಕನ್ ಸೈನಿಕರು ಎಲ್ಲೆಲ್ಲಿ ಇದ್ದರೋ ಅಲ್ಲೆಲ್ಲ ಗೋಡೆಗೆ ಅಂಟಿಕೊಂಡಿತ್ತು. ಮಾಜಿ ಗಂಡನೂ ಆ ಸೈನಿಕರಲ್ಲೊಬ್ಬ.

ಈ ಕೇಸಿನಿಂದ ಜಾಕಿಗೆ ಆದ ಲಾಭಕ್ಕಿಂತ ಬೇರೆ ಮಕ್ಕಳಿಗೆ ಆದ ಲಾಭ ಜಾಸ್ತಿ. ಜನ ಸಿಟ್ಟಿಗೆದ್ದರು, 1939ರಲ್ಲೇ ಕ್ಯಾಲಿಫೋರ್ನಿಯಾ ಬಾಲನಟರ ದುಡಿಮೆಯ ಒಂದು ಪಾಲು ಎತ್ತಿಡಬೇಕು ಅನ್ನೋ ಕಾನೂನು ತಂದಿತು. ಅದಕ್ಕೆ ಜನ ಇಟ್ಟ ಹೆಸರು ಕೂಗನ್ ಆ್ಯಕ್ಟ್. ಆ ಕಾನೂನಲ್ಲಿ ತೂತುಗಳಿದ್ದವು, ಆ ಮಾತು ಆಮೇಲೆ.

ನಮ್ಮಲ್ಲೂ ಇಂಥದ್ದೊಂದು ನಿಯಮ ಇದೆ, ಅದು ಬಂದದ್ದು 2017ರಲ್ಲಿ. ಸಿನಿಮಾ, ಸೀರಿಯಲ್, ರಿಯಾಲಿಟಿ ಶೋ ಯಾವುದೇ ಇರಲಿ, ಮಗುವನ್ನು ಬಳಸಿಕೊಳ್ಳಬೇಕಾದರೆ ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ನಮ್ಮ ಡಿಸಿ ಸಾಹೇಬರ ಅನುಮತಿ ಪಡೆಯಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವ ಹಾಗಿಲ್ಲ. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ. 20ರಷ್ಟು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅದರ ಹೆಸರಿಗೇ ಎಫ್‌ಡಿ ಆಗಬೇಕು. ಮಕ್ಕಳನ್ನು ಆಡಿಷನ್‌ಗೆ ಕರ್ಕೊಂಡು ಬೆಂಗಳೂರು ಬಸ್ ಹತ್ತುವ ಅಪ್ಪ ಅಮ್ಮಂದಿರು ಎಷ್ಟು ಜನ ಇದನ್ನು ಕೇಳಿದ್ದಾರೋ!

ಎಂಜಿನ್ ಇಲ್ಲ, ಎರಡನೇ ಅವಕಾಶವೂ ಇಲ್ಲ

1941ರ ಮಾರ್ಚ್ 4. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಜಾಕಿ ಸೇನೆ ಸೇರಿದ. ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದ ಮೇಲೆ, ತನಗೆ ಮೊದಲೇ ವಿಮಾನ ಹಾರಿಸಿ ಅಭ್ಯಾಸ ಇದೆ, ವಾಯುಪಡೆಗೆ ಕಳಿಸಿ, ಗ್ಲೈಡರ್ ಪೈಲಟ್ ಆಗ್ತೀನಿ ಅಂತ ಅರ್ಜಿ ಹಾಕಿದ.

ಸಿನಿಮಾದವರು ಸೇನೆ ಸೇರಿದರೆ ಸಾಮಾನ್ಯವಾಗಿ ಒಳ್ಳೇ ಜಾಗ ಸಿಗುತ್ತಿತ್ತು. ಪ್ರಚಾರದ ಚಿತ್ರ, ಸೈನಿಕರ ಮನರಂಜನೆ, ಬಾಂಡ್ ಮಾರಾಟ. ಜಾಕಿ ಆರಿಸಿಕೊಂಡಿದ್ದು ಅದಕ್ಕೆ ತದ್ವಿರುದ್ಧ.

ಗ್ಲೈಡರ್ ಅಂದ್ರೆ ಏನು ಅಂತ ಸ್ವಲ್ಪ ಹೇಳಬೇಕು. ಅಮೆರಿಕ ಹೆಚ್ಚು ಬಳಸಿದ್ದು ವೇಕೋ ಸಿಜಿ-4ಎ ಅನ್ನೋ ಮಾದರಿ. ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ, ಕೆಳಗೆ ಪ್ಲೈವುಡ್ ನೆಲ. ಉದ್ದ 48 ಅಡಿ, ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹತ್ತಿರ ಹತ್ತಿರ 84 ಅಡಿ. ಇಬ್ಬರು ಪೈಲಟ್‌ಗಳು, ಹಿಂದೆ ಹದಿಮೂರು ಸೈನಿಕರು. ಸೈನಿಕರ ಬದಲು ಒಂದು ಜೀಪ್ ಬೇಕಾದರೂ ಹಿಡಿಸುತ್ತದೆ. ಮೂತಿ ಭಾಗ ಪೈಲಟ್‌ಗಳ ಸೀಟು ಸಮೇತ ಬಾಗಿಲಿನ ಹಾಗೆ ಮೇಲಕ್ಕೆತ್ತಿಕೊಳ್ಳುತ್ತದೆ, ಅಲ್ಲಿಂದ ಸಾಮಾನು ತುಂಬುವುದು.

ಇದನ್ನು ಎಂಜಿನ್ ಇರುವ ಇನ್ನೊಂದು ವಿಮಾನ ನೈಲಾನ್ ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತದೆ. ಜಾಗ ಬಂದಾಗ ಪೈಲಟ್ ಹಗ್ಗ ಬಿಡುತ್ತಾನೆ. ಅಲ್ಲಿಂದ ಅದು ಸೂತ್ರ ಹರಿದ ಗಾಳಿಪಟ. ಎಂಜಿನ್ ಇರುವ ವಿಮಾನವಾದರೆ, ಇಳಿಯುವ ಜಾಗ ಸರಿ ಇಲ್ಲ ಅಂತ ಕಂಡರೆ ಮತ್ತೆ ಮೇಲೇರಿ ಒಂದು ಸುತ್ತು ಹಾಕಿ ಬರಬಹುದು. ಗ್ಲೈಡರ್‌ಗೆ ಆ ಭಾಗ್ಯ ಇಲ್ಲ. ಕೆಳಗೆ ಹಳ್ಳ ಇರಲಿ, ಮರ ಇರಲಿ, ಶತ್ರು ಇರಲಿ, ಇಳಿಯೋದೊಂದೇ ದಾರಿ. ಇಳಿದ ಮೇಲೆ ಪೈಲಟ್ ಕೂಡ ಬಂದೂಕು ಹಿಡಿದ ಕಾಲಾಳು. ಗ್ಲೈಡರ್ ಪೈಲಟ್‌ಗಳ ಎದೆಯ ಮೇಲಿನ ರೆಕ್ಕೆ ಬ್ಯಾಡ್ಜ್‌ನಲ್ಲಿ ಗ್ಲೈಡರ್‌ನ ಗುರುತಾಗಿ ಜಿ ಅಕ್ಷರ ಇರುತ್ತಿತ್ತು. ಅದು ಗಟ್ಸ್‌ನ ಜಿ ಅಂತ ಅವರೇ ತಮಾಷೆ ಮಾಡಿಕೊಳ್ಳುತ್ತಿದ್ದರು.

ತರಬೇತಿ ಮುಗಿಸಿದ ಜಾಕಿಗೆ ಫ್ಲೈಟ್ ಆಫೀಸರ್ ದರ್ಜೆ ಸಿಕ್ಕಿತು. ಅಷ್ಟಕ್ಕೇ ನಿಲ್ಲಲಿಲ್ಲ. ಅಪಾಯದ ಕೆಲಸಕ್ಕೆ ಸ್ವಂತ ಇಚ್ಛೆಯಿಂದ ಬರುವವರು ಬೇಕು ಅಂತ ಕರೆ ಬಂದಾಗ ಹೆಸರು ಕೊಟ್ಟ. ಆ ಪಡೆಯ ಹೆಸರು ಫಸ್ಟ್ ಏರ್ ಕಮಾಂಡೋ ಗ್ರೂಪ್. 1943ರ ಡಿಸೆಂಬರ್‌ನಲ್ಲಿ ಪಡೆ ಭಾರತಕ್ಕೆ ಬಂತು.

ಲಾಲಾಘಾಟ್‌ನ ಆ ಸಂಜೆ

ಆಗ ಬರ್ಮಾ ಜಪಾನಿನ ಕೈಯಲ್ಲಿತ್ತು. ಬ್ರಿಟಿಷ್ ಜನರಲ್ ಆರ್ಡ್ ವಿಂಗೇಟ್ ಎಂಬ ವಿಚಿತ್ರ ಸ್ವಭಾವದ ಸೇನಾನಿ, ಶತ್ರುವಿನ ಎದುರು ನಿಂತು ಹೊಡೆದಾಡುವ ಬದಲು ಅವನ ಹೊಟ್ಟೆಯೊಳಗೇ ಸೈನ್ಯ ಇಳಿಸಿ ರೈಲು, ರಸ್ತೆ ಕತ್ತರಿಸಬೇಕು ಅಂತ ಹಟ ಹಿಡಿದಿದ್ದ. ಅವನ ಸೈನಿಕರೇ ಚಿಂಡಿಟ್‌ಗಳು. ಬರ್ಮಾದ ದೇವಾಲಯಗಳ ಬಾಗಿಲಲ್ಲಿ ಕೂತಿರುವ ಸಿಂಹದ ಮೂರ್ತಿ ಚಿಂತೆಯಿಂದ ಬಂದ ಹೆಸರದು. ಬ್ರಿಟಿಷರು, ಗೂರ್ಖಾಗಳು, ಬರ್ಮಾದವರು, ಆಫ್ರಿಕಾದ ನೈಜೀರಿಯಾದವರು ಎಲ್ಲ ಇದರಲ್ಲಿದ್ದರು.

1943ರಲ್ಲಿ ಮೊದಲ ಸಲ ನಡೆದುಕೊಂಡೇ ಒಳಗೆ ನುಗ್ಗಿದ್ದರು. ಗಾಯಗೊಂಡು ನಡೆಯಲಾಗದವರನ್ನು ಕಾಡಿನಲ್ಲೇ ಬಿಟ್ಟು ಬರಬೇಕಾಯಿತು. ಅದು ಎಲ್ಲರ ಮನಸ್ಸನ್ನೂ ಕೊರೆಯುತ್ತಿತ್ತು. ಎರಡನೇ ಸಲ ಹಾಗಾಗಬಾರದು, ಸೈನ್ಯ ಆಕಾಶದಿಂದಲೇ ಇಳಿಯಬೇಕು, ಗಾಯಾಳುಗಳು ಆಕಾಶದ ದಾರಿಯಲ್ಲೇ ವಾಪಸ್ ಬರಬೇಕು ಅನ್ನೋದು ಲೆಕ್ಕ. ಅದಕ್ಕೇ ಅಮೆರಿಕ ಈ ಪಡೆ ಕಟ್ಟಿ ಕೊಟ್ಟದ್ದು. ಮುಖ್ಯಸ್ಥ ಕರ್ನಲ್ ಫಿಲಿಪ್ ಕೊಕ್ರನ್, ಜೊತೆಗೆ ಜಾನ್ ಆಲಿಸನ್.

ಗ್ಲೈಡರ್‌ಗಳು ನಿಂತಿದ್ದ ಜಾಗ ಲಾಲಾಘಾಟ್, ಅಸ್ಸಾಂನ ದಕ್ಷಿಣಕ್ಕೆ ಬರಾಕ್ ಕಣಿವೆಯಲ್ಲಿ. ಕಾಡಿನ ನಡುವೆ ಎರಡು ಬಯಲುಗಳನ್ನು ಗುರುತು ಮಾಡಿ ಇಟ್ಟಿದ್ದರು. ಒಂದಕ್ಕೆ ಪಿಕಡಿಲಿ ಅಂತ ಹೆಸರು, ಇನ್ನೊಂದಕ್ಕೆ ಬ್ರಾಡ್‌ವೇ. ಲಂಡನ್, ನ್ಯೂಯಾರ್ಕ್‌ನ ಬೀದಿಗಳ ಹೆಸರು ಬರ್ಮಾದ ಹುಲ್ಲುಗಾವಲಿಗೆ! ಶತ್ರುವಿಗೆ ಅನುಮಾನ ಬರುತ್ತದೆ ಅಂತ ಆ ಬಯಲುಗಳ ಮೇಲೆ ವಿಮಾನ ಹಾರಿಸಲೇಬಾರದು ಅಂತ ವಿಂಗೇಟ್ ತಾಕೀತು ಮಾಡಿದ್ದ.

ಮಾರ್ಚ್ 5ರ ಸಂಜೆ. ಹುಣ್ಣಿಮೆ ಹತ್ತಿರದ ದಿನಗಳು. ಗ್ಲೈಡರ್‌ಗಳಲ್ಲಿ ಸಾಮಾನು ತುಂಬಿ ಆಗಿದೆ, ಹಗ್ಗ ಹಾಸಿ ಆಗಿದೆ. ಹೊರಡೋಕೆ ಸ್ವಲ್ಪ ಮೊದಲು ಒಂದು ಫೋಟೋ ಬಂತು. ಕೊಕ್ರನ್ ತಾಕೀತು ಮೀರಿ ವಿಮಾನ ಕಳಿಸಿ ತೆಗೆಸಿದ್ದ ಫೋಟೋ. ಪಿಕಡಿಲಿ ಬಯಲಿನ ತುಂಬ ಮರದ ದಿಮ್ಮಿಗಳು ಬಿದ್ದಿದ್ದವು. ಗ್ಲೈಡರ್ ಇಳಿದರೆ ಒಂದೂ ಉಳಿಯುತ್ತಿರಲಿಲ್ಲ.

ಗುಟ್ಟು ರಟ್ಟಾಗಿದೆಯಾ? ಜಪಾನಿನವರು ಕಾಯುತ್ತಾ ಕೂತಿದ್ದಾರಾ? ಜನರಲ್ ಸ್ಲಿಮ್, ವಿಂಗೇಟ್, ಚಿಂಡಿಟ್ ಬ್ರಿಗೇಡಿಯರ್ ಕ್ಯಾಲ್ವರ್ಟ್ ಎಲ್ಲ ರನ್‌ವೇ ಪಕ್ಕದಲ್ಲೇ ನಿಂತು ಮಾತಾಡಿದರು. ನಿಲ್ಲಿಸೋದು ಬೇಡ, ಎಲ್ಲರನ್ನೂ ಬ್ರಾಡ್‌ವೇ ಒಂದಕ್ಕೇ ಕಳಿಸೋಣ ಅಂತ ತೀರ್ಮಾನ ಆಯ್ತು. ದಿಮ್ಮಿ ಹಾಕಿದ್ದು ಮರ ಕಡಿಯುವ ಊರಿನವರು, ಯುದ್ಧಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ ಅನ್ನೋದು ಗೊತ್ತಾಗಿದ್ದು ಆಮೇಲೆ.

ಆರು ಗಂಟೆ ದಾಟಿದ ಮೇಲೆ ಮೊದಲ ಡಕೋಟಾ ಮೇಲೆದ್ದಿತು. ಒಂದೊಂದು ವಿಮಾನದ ಹಿಂದೆ ಎರಡೆರಡು ಗ್ಲೈಡರ್. ಒಂದು ಎತ್ತಿಗೆ ಎರಡು ಗಾಡಿ ಕಟ್ಟಿದ ಹಾಗೆ. ಅದರ ಮೇಲೆ ಸೈನಿಕರು ಭಯಕ್ಕೋ ಆಸೆಗೋ ಹೆಚ್ಚುವರಿ ಗುಂಡು, ಸಾಮಾನು ಸೇರಿಸಿಕೊಂಡು ತೂಕ ಏರಿಸಿದ್ದರು. ಏಳು ಸಾವಿರ ಅಡಿಯ ಬೆಟ್ಟಸಾಲು ದಾಟಬೇಕು. ಎಂಜಿನ್‌ಗಳು ಕಾದವು, ಹಗ್ಗಗಳು ಪಟಪಟ ತುಂಡಾದವು. ಹಗ್ಗ ಹರಿದ ಗ್ಲೈಡರ್‌ಗಳು ಕತ್ತಲಲ್ಲಿ ಎಲ್ಲೆಲ್ಲೋ ಬಿದ್ದವು, ಕೆಲವು ಅಸ್ಸಾಂನಲ್ಲೇ, ಕೆಲವು ಜಪಾನಿ ಪಾಳೆಯಗಳ ಹತ್ತಿರವೇ. ಅಲ್ಲಲ್ಲಿ ಬಿದ್ದದ್ದರಿಂದ ನಿಜವಾಗಿ ಎಲ್ಲಿ ಇಳಿಯುತ್ತಿದ್ದಾರೆ ಅಂತ ಜಪಾನಿನವರಿಗೆ ತಲೆಬುಡ ತಿಳಿಯಲಿಲ್ಲ. ಕೆಟ್ಟದ್ದರಲ್ಲಿ ಒಂದು ಒಳ್ಳೆಯದು.

ಆ ರಾತ್ರಿ ಹೊರಟದ್ದು ಅರವತ್ತಕ್ಕೂ ಹೆಚ್ಚು ಗ್ಲೈಡರ್. ಬ್ರಾಡ್‌ವೇ ಮುಟ್ಟಿದ್ದು ಅದರಲ್ಲಿ ಅರ್ಧದಷ್ಟು. ಜಾಕಿ ಕೂಗನ್ ಕೂಡ ಆ ರಾತ್ರಿ ತನ್ನ ಗ್ಲೈಡರ್‌ನಲ್ಲಿದ್ದ ಬ್ರಿಟಿಷ್ ಸೈನಿಕರನ್ನು ಆ ಕಾಡಿನ ಬಯಲಿಗೆ ಇಳಿಸಿದ. ಆಗ ಅವನ ವಯಸ್ಸು 29.

ಬಯಲು ಫೋಟೋದಲ್ಲಿ ನುಣ್ಣಗೆ ಕಂಡಿತ್ತು. ಹತ್ತಿರ ಹೋದಾಗಲೇ ಗೊತ್ತಾಗಿದ್ದು. ನಮ್ಮ ಮಲೆನಾಡಲ್ಲಿ ನಾಟಾ ಎಳೆದ ದಾರಿಯಲ್ಲಿ ಮಳೆಗಾಲ ಕಳೆದ ಮೇಲೆ ಆಳದ ಗುಂಡಿಗೆರೆ ಉಳಿಯುತ್ತದಲ್ಲ, ಅಂಥದ್ದೇ ಕೊರಕಲುಗಳು ಅಲ್ಲೂ ಇದ್ದವು. ತೇಗದ ದಿಮ್ಮಿ ಎಳೆದ ಜಾಡು. ಮೇಲೆ ಎತ್ತರದ ಹುಲ್ಲು ಬೆಳೆದು ಮುಚ್ಚಿತ್ತು. ಮೊದಲು ಇಳಿದ ಗ್ಲೈಡರ್‌ಗಳ ಗಾಲಿ ಅದರಲ್ಲಿ ಸಿಕ್ಕಿ ಕಿತ್ತುಹೋದವು. ಅವನ್ನು ಪಕ್ಕಕ್ಕೆ ಎಳೆಯುವಷ್ಟರಲ್ಲಿ ಹಿಂದಿನದ್ದು ಬಂತು. ತಡೆಯೋದು ಹೇಗೆ? ಹಗ್ಗ ಬಿಟ್ಟ ಗ್ಲೈಡರ್‌ಗೆ ವಾಪಸ್ ಹೋಗು ಅನ್ನೋಕಾಗಲ್ಲ. ಒಂದರ ಮೇಲೊಂದು ಬಂದು ಬಡಿದವು. ಇಂಜಿನಿಯರ್ ತುಕಡಿಯ ಕ್ಯಾಪ್ಟನ್ ಸೇರಿ ಮೂವತ್ತರ ಆಸುಪಾಸು ಜನ ಆ ಒಂದೇ ರಾತ್ರಿ ಸತ್ತರು. ಗಾಯಗೊಂಡವರು ಬೇರೆ.

ಒಂದು ಗ್ಲೈಡರ್‌ದು ಮಾತ್ರ ನಂಬಲಾಗದ ಕತೆ. ಒಳಗೆ ಸಣ್ಣ ಬುಲ್ಡೋಜರ್ ಇತ್ತು. ಗ್ಲೈಡರ್ ಎರಡು ಮರಗಳ ನಡುವೆ ನುಗ್ಗಿ ರೆಕ್ಕೆಗಳು ಹಾರಿಹೋದವು, ಬುಲ್ಡೋಜರ್ ಮುಂದಕ್ಕೆ ಚಿಮ್ಮಿತು. ಅದೇ ಹೊತ್ತಿಗೆ ಮೂತಿ ಮೇಲಕ್ಕೆತ್ತಿಕೊಂಡು ಪೈಲಟ್‌ಗಳು ಸೀಟು ಸಮೇತ ಮೇಲೆ ಹೋದರು, ಬುಲ್ಡೋಜರ್ ಅವರ ಕೆಳಗೆ ಹಾದುಹೋಯ್ತು. ಇಬ್ಬರೂ ಬದುಕಿದರು.

ಕ್ಯಾಲ್ವರ್ಟ್ ಬಳಿ ಎರಡು ಸಂಕೇತ ಪದ ಇದ್ದವು. ಎಲ್ಲ ಸರಿ ಇದ್ದರೆ ಪೋರ್ಕ್ ಸಾಸೇಜ್. ಕೆಟ್ಟಿದ್ದರೆ ಸೋಯಾ ಲಿಂಕ್. ಸೋಯಾ ಲಿಂಕ್ ಅಂದ್ರೆ ಮಾಂಸದ ಬದಲು ಸೈನಿಕರಿಗೆ ಕೊಡುತ್ತಿದ್ದ, ಯಾರಿಗೂ ಸೇರದ ತಿಂಡಿ. ಬೆಳಗಿನ ಜಾವ ಲಾಲಾಘಾಟ್‌ಗೆ ಸೋಯಾ ಲಿಂಕ್ ಅಂತ ಸಂದೇಶ ಬಂತು, ವಿಮಾನಗಳನ್ನು ನಿಲ್ಲಿಸಿದರು. ವಿಂಗೇಟ್ ಮುಖ ಕಪ್ಪಿಟ್ಟಿತು. ಬೆಳಕು ಹರಿದ ಮೇಲೆ ಎರಡನೇ ಸಂದೇಶ ಬಂತು, ಪೋರ್ಕ್ ಸಾಸೇಜ್. ಶತ್ರು ಇಲ್ಲ, ನೆಲ ಸರಿ ಮಾಡ್ತಾ ಇದ್ದೇವೆ ಅಂತ ಅರ್ಥ.

ಅಳಿದುಳಿದ ಯಂತ್ರ, ಗುದ್ದಲಿ, ಕೈ ಹಿಡಿದು ಒಂದೇ ದಿನದಲ್ಲಿ ರನ್‌ವೇ ಮಾಡಿದರು. 6ನೇ ತಾರೀಕು ರಾತ್ರಿಯೇ ಡಕೋಟಾಗಳು ಇಳಿಯತೊಡಗಿದವು. ವಾರದೊಳಗೆ ಸುಮಾರು ಒಂಬತ್ತು ಸಾವಿರ ಸೈನಿಕರು, ಸಾವಿರಕ್ಕೂ ಮೇಲೆ ಹೇಸರಗತ್ತೆಗಳು ಶತ್ರುವಿನ ಬೆನ್ನ ಹಿಂದೆ ಇಳಿದಿದ್ದವು. ಉತ್ತರ ಬರ್ಮಾದ ಜಪಾನಿ ಸೈನ್ಯಕ್ಕೆ ಅಕ್ಕಿ, ಗುಂಡು ಹೋಗುತ್ತಿದ್ದ ರೈಲು ದಾರಿ ಕಡಿದುಬಿತ್ತು. ಅದೇ ದಿನಗಳಲ್ಲಿ ಜಪಾನ್ ಇಂಫಾಲ್, ಕೊಹಿಮಾ ಮೇಲೆ ಮುಗಿಬಿದ್ದದ್ದು. ವಿಂಗೇಟ್ ಅದನ್ನೆಲ್ಲ ಪೂರ್ತಿ ನೋಡಲಿಲ್ಲ. ಮಾರ್ಚ್ 24ರಂದು ಮಣಿಪುರದ ಬೆಟ್ಟದಲ್ಲಿ ವಿಮಾನ ಬಿದ್ದು ತೀರಿಕೊಂಡ.

ಈ ಕಾರ್ಯಾಚರಣೆಗೆ ಇಟ್ಟಿದ್ದ ಹೆಸರು ಥರ್ಸ್‌ಡೇ, ಗುರುವಾರ. ನಡೆದದ್ದು ಮಾತ್ರ ಭಾನುವಾರ.

ತಲೆ ಬೋಳಾದ ಮೇಲೆ ಬಂದ ಹೆಸರು

ಯುದ್ಧದಿಂದ ಮರಳಿದ ಜಾಕಿಗೆ ಹಾಲಿವುಡ್‌ನಲ್ಲಿ ಯಾರೂ ಆರತಿ ಹಿಡಿದು ಕಾಯುತ್ತಿರಲಿಲ್ಲ. ಮುದ್ದು ಮುಖ ಹೋಗಿತ್ತು, ಮೈ ತುಂಬಿತ್ತು, ಕೂದಲು ಉದುರುತ್ತಿತ್ತು. ಸಿಕ್ಕ ಸಣ್ಣ ಪುಟ್ಟ ಪಾತ್ರ ಮಾಡಿದ. ಆ ಹೊತ್ತಿಗೆ ಟೀವಿ ಅನ್ನೋದು ಹೊಸದಾಗಿ ಬಂದಿತ್ತು. ದೊಡ್ಡ ನಟರು ಅದರ ಕಡೆ ಮೂಗು ಮುರಿಯುತ್ತಿದ್ದರು. ಜಾಕಿಗೆ ಆ ಬಿಗುಮಾನ ಇರಲಿಲ್ಲ. 1952ರಲ್ಲಿ ‘ಕೌಬಾಯ್ ಜಿ-ಮೆನ್’ ಸರಣಿಯಲ್ಲಿ ನಾಯಕನ ಜೊತೆಗಾರನಾದ. ಆಮೇಲೆ ಕರೆದ ಕಡೆಗೆಲ್ಲ ಹೋದ.

ಮೂರು ಮದುವೆ ಮುರಿದಿದ್ದವು. 1952ರಲ್ಲಿ ಆದ ನಾಲ್ಕನೆಯದು ಕೊನೆ ತನಕ ಉಳಿಯಿತು.

1964ರಲ್ಲಿ ‘ದಿ ಆ್ಯಡಮ್ಸ್ ಫ್ಯಾಮಿಲಿ’ ಶುರುವಾಯ್ತು. ದೆವ್ವದ ಮನೆಯಂಥ ಮನೆಯಲ್ಲಿ ಖುಷಿಯಾಗಿರುವ ವಿಚಿತ್ರ ಸಂಸಾರದ ಹಾಸ್ಯ ಸರಣಿ. ಅದರಲ್ಲಿ ಜಾಕಿ ಅಂಕಲ್ ಫೆಸ್ಟರ್. ನುಣ್ಣಗೆ ಬೋಳಿಸಿದ ತಲೆ, ಕಣ್ಣ ಸುತ್ತ ಕಪ್ಪು, ಉದ್ದದ ಕರಿ ಕೋಟು. ಬಾಯಿಗೆ ಬಲ್ಬ್ ಇಟ್ಟುಕೊಂಡರೆ ಅದು ಉರಿಯುತ್ತದೆ! ಎರಡು ವರ್ಷ, 64 ಕಂತು. ಅಮೆರಿಕದ ಮಕ್ಕಳು ಆ ಬೋಳು ಮಾವನಿಗೆ ಮನಸೋತರು. ಆ ಮಕ್ಕಳ ಅಜ್ಜಿಯರು ‘ದಿ ಕಿಡ್’ ನೋಡಿ ಕಣ್ಣೊರೆಸಿಕೊಂಡಿದ್ದು ಇದೇ ಮನುಷ್ಯನಿಗೆ ಅಂತ ಎಷ್ಟೋ ಮನೆಗಳಲ್ಲಿ ಗೊತ್ತೇ ಆಗಿರಲಿಕ್ಕಿಲ್ಲ.

1972ರಲ್ಲಿ ವಯಸ್ಸಾದ ಚಾಪ್ಲಿನ್ ಇಪ್ಪತ್ತು ವರ್ಷದ ನಂತರ ಅಮೆರಿಕಕ್ಕೆ ಬಂದ, ಗೌರವ ಆಸ್ಕರ್ ತೆಗೆದುಕೊಳ್ಳೋಕೆ. ಎದುರುಗೊಂಡವರಲ್ಲಿ ಜಾಕಿಯೂ ಇದ್ದ. ಚಾಪ್ಲಿನ್‌ಗೆ 82, ಅವನ ಪುಟ್ಟ ಹುಡುಗನಿಗೆ 57. ಇಬ್ಬರೂ ಅಪ್ಪಿಕೊಂಡರು.

1984ರ ಮಾರ್ಚ್ 1ರಂದು ಸಾಂಟಾ ಮೋನಿಕಾದ ಆಸ್ಪತ್ರೆಯಲ್ಲಿ ಹೃದಯ ನಿಂತು ಜಾಕಿ ತೀರಿಕೊಂಡ. ವಯಸ್ಸು 69. ಬ್ರಾಡ್‌ವೇಗೆ ಇಳಿದು ನಲವತ್ತು ವರ್ಷ ತುಂಬೋಕೆ ನಾಲ್ಕೇ ದಿನ ಬಾಕಿ ಇತ್ತು.

ಕಾನೂನಿನ ತೂತಿನ ಮಾತು ಬಾಕಿ ಇತ್ತಲ್ಲ. 1939ರ ಕೂಗನ್ ಆ್ಯಕ್ಟ್ ಕೋರ್ಟಿನ ಒಪ್ಪಿಗೆ ಪಡೆದ ಒಪ್ಪಂದಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಕೋರ್ಟಿಗೇ ಹೋಗದೆ ಒಪ್ಪಂದ ಮಾಡಿಕೊಂಡರೆ ಮುಗೀತು, ಹಳೇ ಕತೆಯೇ. ಆಮೇಲೂ ಎಷ್ಟೋ ಬಾಲನಟರ ದುಡ್ಡು ಮನೆಯಲ್ಲೇ ಕರಗಿತು. ಮಗು ದುಡಿದದ್ದು ಮಗುವಿನದ್ದೇ, ಶೇ. 15 ಕಡ್ಡಾಯವಾಗಿ ಅದರ ಹೆಸರಲ್ಲಿ ಇಡಬೇಕು ಅಂತ ಕ್ಯಾಲಿಫೋರ್ನಿಯಾ ತಿದ್ದುಪಡಿ ಮಾಡಿದ್ದು ಜಾರಿಗೆ ಬಂದಿದ್ದು 2000ದ ಜನವರಿ 1ಕ್ಕೆ. ಈಗ ಅಲ್ಲಿ ಮಗುವಿಗೆ ಸಿನಿಮಾದಲ್ಲಿ ಪಾತ್ರ ಸಿಕ್ಕಿದರೆ ಅಪ್ಪ ಅಮ್ಮ ಮೊದಲು ಬ್ಯಾಂಕಿಗೆ ಹೋಗಬೇಕು. ಕೌಂಟರ್‌ನಲ್ಲಿ ಅವರು ಕೇಳುವ ಖಾತೆಯ ಹೆಸರು ಕೂಗನ್ ಅಕೌಂಟ್.